ನಾಲಿಗೆಯಡಿಯ ಮಾತ್ರೆಗೆ ಅಡ್ಡ ನಿಂತವರಿಗೆ

ಹೆರಾಯಿನ್, ಬ್ರೌನ್ ಶುಗರ್ ಚಟಕ್ಕೆ ಬಿದ್ದ ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುವ ಏರ್ಪಾಡನ್ನು ಹೆಚ್ಚಿಸಬೇಕು ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಆಕ್ಷೇಪಗಳು ಸಾಲುಗಟ್ಟಿ ಬರುತ್ತವೆ. ಆಕ್ಷೇಪಿಸುವವರು ಕಟುಕರೇನಲ್ಲ. ಪಾನನಿರೋಧಕ್ಕಾಗಿ ಆಯುಷ್ಯ ಸವೆಸಿದ ಹಿರಿಯರಿದ್ದಾರೆ, ಶಾಲಾ ಮಕ್ಕಳಿಂದ ಜಾಗೃತಿ ಜಾಥಾ ಮಾಡಿಸುವ ಮೇಷ್ಟ್ರುಗಳಿದ್ದಾರೆ, ಠಾಣೆಯಲ್ಲಿ ದಿನವೂ ಇದನ್ನೇ ನೋಡಿ ರೋಸಿಹೋದ ಪೊಲೀಸರಿದ್ದಾರೆ, ಚರ್ಚು-ಮಸೀದಿ-ದೇವಸ್ಥಾನಗಳ ಸಮಿತಿಯವರಿದ್ದಾರೆ. ಅವರ ಕಾಳಜಿಯ ಬಗ್ಗೆ ನನಗೆ ಅನುಮಾನವಿಲ್ಲ. ಅನುಮಾನವಿರುವುದು ಅವರ ವಾದಗಳ ಬಗ್ಗೆ. ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

ಕೇರಳದ ಬಂದರು ಊರು ವಿಳಿಂಜಂನಿಂದಲೇ ಶುರುಮಾಡಬೇಕು, ಏಕೆಂದರೆ ವಿರೋಧಿಗಳ ಮೊದಲ ಬಾಣ ಅಲ್ಲಿಂದಲೇ ಬರುತ್ತದೆ. 2021ರ ಮಾರ್ಚ್ ಕೊನೆಯ ವಾರ ಕರಾವಳಿ ರಕ್ಷಣಾ ಪಡೆಯವರು ಅರಬ್ಬಿ ಸಮುದ್ರದಲ್ಲಿ 'ರವಿಹಂಸಿ' ಎಂಬ ಶ್ರೀಲಂಕಾದ ಮೀನುಗಾರಿಕಾ ದೋಣಿಯನ್ನು ಹಿಡಿದು ವಿಳಿಂಜಂಗೆ ತಂದರು. ಅದರೊಳಗೆ ಸುಮಾರು 300 ಕಿಲೋ ಹೆರಾಯಿನ್, ಐದು ಎಕೆ-47 ಬಂದೂಕು, ಸಾವಿರ ಗುಂಡು. ಮರುವರ್ಷ ಮೇ ತಿಂಗಳಲ್ಲಿ ಲಕ್ಷದ್ವೀಪದ ಬಳಿ ಹಿಡಿದ ಎರಡು ದೋಣಿಗಳಿಂದ 218 ಕಿಲೋ ಕೊಚ್ಚಿಗೆ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಇರಾನಿನ ಹಡಗೊಂದರಿಂದ ಇನ್ನೂ 200 ಕಿಲೋ. "ನೋಡಿದಿರಾ? ಬಾಗಿಲು ಮುಚ್ಚಬೇಕಾದದ್ದು ಅಲ್ಲಿ. ಮಾಲು ಬಾರದಂತೆ ತಡೆದರೆ ಚಟವೂ ಇಲ್ಲ, ನಿಮ್ಮ ಮಾತ್ರೆಯೂ ಬೇಕಿಲ್ಲ" ಎನ್ನುತ್ತಾರೆ.

ತಡೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ 250 ಗ್ರಾಂ ಹೆರಾಯಿನ್ ಇದ್ದರೇ ಅದು ವಾಣಿಜ್ಯ ಪ್ರಮಾಣ. ಮುನ್ನೂರು ಕಿಲೋ ಎಂದರೆ ಅದರ ಸಾವಿರದಿನ್ನೂರು ಪಟ್ಟು. ಆದರೆ ರವಿಹಂಸಿಯ ಸರಕು ಇರಾನ್ ಕಡೆಯಿಂದ ಶ್ರೀಲಂಕಾಕ್ಕೆ ಹೊರಟದ್ದು. ವಿಳಿಂಜಂನ ಯಾವ ಗಲ್ಲಿಗೂ ಅದು ಇಳಿಯಬೇಕಿರಲಿಲ್ಲ. ಕೇರಳದ ಕೂಲಿಕಾರನ ಕೈಗೆ ಸಿಗುವ ಬ್ರೌನ್ ಶುಗರ್ ಸೋಪಿನ ಡಬ್ಬಿಯೊಳಗೆ ಅಡಗಿ, ರೈಲು ಹತ್ತಿ, ಗ್ರಾಂ ಲೆಕ್ಕದಲ್ಲಿ ಬರುವಂಥದ್ದು. ಸಮುದ್ರದಲ್ಲಿ ಹಡಗು ಹಿಡಿದ ದಿನವೂ ಆ ಡಬ್ಬಿ ಬಂದೇ ಇತ್ತು. ಇನ್ನೊಂದು ಸಂಗತಿ. 2024ರಲ್ಲಿ ಕೇರಳದಲ್ಲಿ ದಾಖಲಾದ ಎನ್‌ಡಿಪಿಎಸ್ ಪ್ರಕರಣಗಳು 27 ಸಾವಿರಕ್ಕೂ ಹೆಚ್ಚು. ಪಂಜಾಬಿನದಕ್ಕಿಂತ ಸುಮಾರು ಮೂರು ಪಟ್ಟು. ಹಿಡಿಯುವುದರಲ್ಲಿ ಕೇರಳ ಹಿಂದೆ ಬಿದ್ದಿಲ್ಲ. ಹಿಡಿಯುವುದರಿಂದಲೇ ಚಟ ಬಿಡುವಂತಿದ್ದರೆ ಇಷ್ಟು ಹೊತ್ತಿಗೆ ಬಿಡಬೇಕಿತ್ತು. ಮಾಲು ಸಿಗದ ದಿನ ವ್ಯಸನಿ ಸಂನ್ಯಾಸಿಯಾಗುವುದಿಲ್ಲ. ಕಣ್ಣು-ಮೂಗು ಸುರಿದು, ಮೈಯೆಲ್ಲ ನವಿರೆದ್ದು, ಹೊಟ್ಟೆ ತೊಳೆಸಿ, ಮೂಳೆ ಮೂಳೆ ನೋಯುವ ಹೊತ್ತಿಗೆ ಸಿಕ್ಕಿದ್ದನ್ನು ನುಂಗುತ್ತಾನೆ, ಸಿಕ್ಕಿದ್ದನ್ನು ಚುಚ್ಚಿಕೊಳ್ಳುತ್ತಾನೆ.

ಈಗ ಚಿಕಿತ್ಸೆ ಏನೆಂದು ಹೇಳಿಬಿಡುತ್ತೇನೆ, ಏಕೆಂದರೆ ವಿರೋಧಿಸುವವರಲ್ಲಿ ಅನೇಕರು ಅದನ್ನು ಹತ್ತಿರದಿಂದ ಕಂಡವರಲ್ಲ. ಹೆರಾಯಿನ್‌ಗೆ ಬದಲಿ ಮದ್ದು ಕೊಡುವ ಈ ಪದ್ಧತಿಯನ್ನು (ಒಪಿಯಾಯ್ಡ್ ಸಬ್‌ಸ್ಟಿಟ್ಯೂಷನ್ ಥೆರಪಿ) ಆಸ್ಪತ್ರೆಗಳಲ್ಲಿ ಎಲ್ಲರೂ ಓಎಸ್‌ಟಿ ಎಂದೇ ಕರೆಯುತ್ತಾರೆ. 2007ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತದಲ್ಲಿ ಇದು ಸರ್ಕಾರದ ಅಧಿಕೃತ ಯೋಜನೆಯೊಳಗೆ ಬಂತು. ಒಂದು ಸಣ್ಣ ಕೋಣೆ, ಬೀಗ ಹಾಕಿದ ಕಪಾಟು, ಒಂದು ರಿಜಿಸ್ಟರ್. ನರ್ಸ್ ಹೆಸರು ಕೂಗಿ, ಕಾರ್ಡು ನೋಡಿ, ಆ ದಿನದ ಮಾತ್ರೆಗಳನ್ನು ಎಣಿಸಿ ತರಿತರಿಯಾಗಿ ಪುಡಿಮಾಡುತ್ತಾರೆ. ರೋಗಿ ನಾಲಿಗೆ ಮೇಲೆತ್ತುತ್ತಾನೆ, ಪುಡಿ ಅದರಡಿಗೆ ಬೀಳುತ್ತದೆ. ಮಾತಾಡುವಂತಿಲ್ಲ, ಉಗುಳು ನುಂಗುವಂತಿಲ್ಲ. ಬೆಂಚಿನ ಮೇಲೆ ಐದು ನಿಮಿಷ ಬಾಯಿ ಮುಚ್ಚಿ ಕೂರಬೇಕು. ಆಮೇಲೆ ನರ್ಸ್ ಬಾಯಿ ತೆರೆಸಿ ನೋಡುತ್ತಾರೆ, ರುಜು ಹಾಕಿಸಿಕೊಳ್ಳುತ್ತಾರೆ, ಅವನು ಕೆಲಸಕ್ಕೆ ಹೋಗುತ್ತಾನೆ. ನಾಳೆ ಮತ್ತೆ ಬರಬೇಕು. ಮೋಜು ಮಾಡುವವರ ಅಡ್ಡೆ ಎಂದು ಕಲ್ಪಿಸಿಕೊಂಡವರು ಒಮ್ಮೆ ಹೋಗಿ ಆ ಬೆಂಚನ್ನು ನೋಡಿ ಬರಲಿ. ಪಡಿತರದ ಸಾಲಿನಷ್ಟೇ ಸಪ್ಪೆಯಾಗಿರುತ್ತದೆ.

"ಏನೇ ಹೇಳಿ, ಒಂದು ಅಮಲು ಬಿಡಿಸಿ ಇನ್ನೊಂದು ಅಮಲು ಹಿಡಿಸುತ್ತೀರಿ." ಇದು ಎಲ್ಲರ ಬಾಯಲ್ಲೂ ಇರುವ ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿರುವುದರಿಂದಲೇ ಇಷ್ಟು ವರ್ಷ ಬಾಳಿಕೆ ಬಂದಿದೆ. ಬ್ಯುಪ್ರೆನಾರ್ಫಿನ್ ಕೂಡ ಅಫೀಮಿನ ಕುಲದ್ದೇ, ನಿಜ. ಮಿದುಳಿನಲ್ಲಿ ಹೆರಾಯಿನ್ ಹೋಗಿ ಕೂರುವ ಜಾಗದಲ್ಲೇ ಇದೂ ಕೂರುತ್ತದೆ. ಆದರೆ ಅರ್ಧಂಬರ್ಧ ಕೆಲಸ ಮಾಡುತ್ತದೆ. ಒಂದು ಮಟ್ಟ ದಾಟಿದ ಮೇಲೆ ಎಷ್ಟೇ ಮಾತ್ರೆ ಹೆಚ್ಚಿಸಿದರೂ ಪರಿಣಾಮ ಅಷ್ಟಕ್ಕೇ ನಿಲ್ಲುತ್ತದೆ. ಹಾಗಾಗಿ ಹೆರಾಯಿನ್‌ನಂತೆ ಉಸಿರು ಕಟ್ಟಿ ಸಾಯುವ ಅಪಾಯ ತೀರಾ ಕಡಿಮೆ. ಅದಲ್ಲದೆ ಕೂತ ಜಾಗ ಬಿಟ್ಟು ಬೇಗ ಏಳುವುದಿಲ್ಲ. ಹೆರಾಯಿನ್ ನಾಲ್ಕಾರು ಗಂಟೆಗೆ ಇಳಿದು ಮತ್ತೆ ಬೇಕು ಬೇಕು ಎಂದು ಕಾಡಿದರೆ, ಇದು ಒಂದು ದಿನ ಪೂರ್ತಿ ಕಾಯುತ್ತದೆ. ಅಷ್ಟರೊಳಗೆ ಅವನು ಹೆರಾಯಿನ್ ಎಳೆದರೂ ಅದಕ್ಕೆ ಜಾಗ ಸಿಗದೆ ದುಡ್ಡು ದಂಡವಾಗುತ್ತದೆ.

ಅಮಲಿಗಾಗಿ ಕೊಡುವ ವಸ್ತುವಾಗಿದ್ದರೆ ಮೊದಲ ಮಾತ್ರೆಯ ನಿಯಮ ಹೀಗಿರುತ್ತಿತ್ತೇ, ಯೋಚಿಸಿ. ಚಿಕಿತ್ಸೆ ಆರಂಭಿಸುವ ದಿನ ರೋಗಿ ಕೊನೆಯ ಸಲ ಹೆರಾಯಿನ್ ತೆಗೆದುಕೊಂಡು ಅರ್ಧ ದಿನವಾದರೂ ಕಳೆದಿರಬೇಕು. ಆಕಳಿಕೆ, ಕಣ್ಣೀರು, ನಡುಕ ಶುರುವಾಗಿರಬೇಕು. ಅದನ್ನು ವೈದ್ಯರು ಕಣ್ಣಾರೆ ಕಂಡ ಮೇಲೆಯೇ ಮಾತ್ರೆ. ಮೈಯಲ್ಲಿ ಹೆರಾಯಿನ್ ಇರುವಾಗಲೇ ಕೊಟ್ಟುಬಿಟ್ಟರೆ ಈ ಮದ್ದು ಅದನ್ನು ಜಾಗದಿಂದ ಒದ್ದೋಡಿಸಿ, ಕಾಯುತ್ತಿದ್ದ ನರಳಾಟವನ್ನು ಒಮ್ಮೆಲೇ ಮೈಮೇಲೆ ಬೀಳಿಸುತ್ತದೆ. ಯಾವ ಸಾರಾಯಿ ಅಂಗಡಿಯ ಗಿರಾಕಿಗೂ ಇಂಥ ಷರತ್ತು ಇಲ್ಲ. ನಿಗದಿತ ಪ್ರಮಾಣಕ್ಕೆ ಹೊಂದಿಕೊಂಡ ಮೇಲೆ ರೋಗಿಗೆ ತಲೆಗೇರುವುದೂ ಇಲ್ಲ, ತೂಕಡಿಕೆಯೂ ಇಲ್ಲ. ಬಲೆ ಎಳೆಯುತ್ತಾನೆ, ಗಾರೆ ಕಲಸುತ್ತಾನೆ, ಆಟೋ ಓಡಿಸುತ್ತಾನೆ.

ಪರವಾಗಿ ವಾದಿಸುವ ವೈದ್ಯರು ಇಲ್ಲಿ ಸಕ್ಕರೆ ಕಾಯಿಲೆಯ ಹೋಲಿಕೆ ತರುತ್ತಾರೆ: ಇನ್ಸುಲಿನ್ ದಿನವೂ ಬೇಕಲ್ಲ, ಹಾಗೆಯೇ ಇದು ಎಂದು. ಆ ಹೋಲಿಕೆ ನನಗೆ ಅಷ್ಟಾಗಿ ಹಿಡಿಸದು. ಇನ್ಸುಲಿನ್ ಜೇಬಿನಲ್ಲಿದ್ದರೆ ಯಾವ ಪೊಲೀಸನೂ ತಡೆಯುವುದಿಲ್ಲ, ಅದನ್ನು ಕದ್ದು ಮಾರುವವರೂ ಇಲ್ಲ, ಸಕ್ಕರೆ ಕಾಯಿಲೆಯವನಿಗೆ ಹೆಣ್ಣು ಕೊಡದವರೂ ಕಡಿಮೆ. ಈ ರೋಗದ ಭಾರವೇ ಬೇರೆ. ಹೋಲಿಕೆ ಬೇಡ, ಸಾವಿನ ಲೆಕ್ಕವನ್ನೇ ನೋಡೋಣ. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಲವು ದೇಶಗಳ 19 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಬಂತು. ಬ್ಯುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿದ್ದ ಸಾವಿರ ಜನರಲ್ಲಿ ವರ್ಷಕ್ಕೆ ಸತ್ತವರು 4.3, ಚಿಕಿತ್ಸೆ ಬಿಟ್ಟವರಲ್ಲಿ 9.5. ಇದೇ ಚಿಕಿತ್ಸೆಗೆ ಬಳಸುವ ಇನ್ನೊಂದು ಮದ್ದಾದ ಮೆಥಡೋನ್‌ನಲ್ಲಿ 11.3 ಮತ್ತು 36.1. ಅಮಲಿನ ಬದಲು ಅಮಲು ಎನ್ನುವವರು ಈ ಅಂಕಿಗಳಿಗೆ ಏನು ಹೇಳುತ್ತಾರೋ ನನಗೆ ಕುತೂಹಲವಿದೆ. ವಿಶ್ವ ಆರೋಗ್ಯ ಸಂಸ್ಥೆ ಈ ಎರಡು ಮದ್ದುಗಳನ್ನೂ 2005ರಲ್ಲೇ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮುಂದಿನದು ಗಟ್ಟಿಯಾದ ಆಕ್ಷೇಪ, ಅದಕ್ಕೆ ಹೆಚ್ಚು ಹೊತ್ತು ಕೊಡಬೇಕು. "ಮಾತ್ರೆ ಹೊರಗೆ ಹೋಗುತ್ತದೆ. ನುಂಗಿದಂತೆ ಮಾಡಿ ಮಾರುತ್ತಾರೆ. ಕೊಚ್ಚಿಯ ಕಥೆ ಮರೆತಿರಾ?" ಮರೆತಿಲ್ಲ. ಮಟ್ಟಾಂಚೇರಿ, ಫೋರ್ಟ್ ಕೊಚ್ಚಿ ಭಾಗದಲ್ಲಿ ಬ್ಯುಪ್ರೆನಾರ್ಫಿನ್ ಇಂಜೆಕ್ಷನ್ ಚುಚ್ಚಿಕೊಳ್ಳುವ ಚಟ ಹಳೆಯದು. ನೋವು ನಿವಾರಕವೆಂದು ಔಷಧಿ ಅಂಗಡಿಗೆ ಬಂದ ಆಂಪೂಲು ಹಿಂಬಾಗಿಲಿನಿಂದ ಬೀದಿಗೆ ಬಂದಿತ್ತು. ಅದೇ ಮದ್ದನ್ನು ಸರ್ಕಾರವೇ ಹಂಚುವುದೆಂದರೆ ಆ ಗಲ್ಲಿಗಳ ತಾಯಂದಿರಿಗೆ ಮೈ ಉರಿಯದೆ ಇರುತ್ತದೆಯೇ? ಆದರೆ ಅಂದು ಬೀದಿಗೆ ಬಂದದ್ದು ನೇರ ರಕ್ತಕ್ಕೆ ಸೇರುವ ಆಂಪೂಲು, ಯಾರ ಮೇಲ್ವಿಚಾರಣೆಯೂ ಇಲ್ಲದೆ, ನಿದ್ದೆ ಬರಿಸುವ ಬೇರೆ ಮದ್ದುಗಳ ಜೊತೆ ಕಲಸಿ. ಓಎಸ್‌ಟಿ ಕೋಣೆಯಲ್ಲಿರುವುದು ಪುಡಿಮಾಡಿ ಕಣ್ಣೆದುರೇ ಕರಗಿಸುವ ಮಾತ್ರೆ. ಸ್ಥಿರವಾದವರಿಗೆ ಮನೆಗೆ ಕೊಡುವ ಮಾತ್ರೆಯಲ್ಲಿ ಸಾಮಾನ್ಯವಾಗಿ ನಲಾಕ್ಸೋನ್ ಎಂಬ ಪ್ರತಿಮದ್ದನ್ನು ಬೆರೆಸಿರುತ್ತಾರೆ. ನಾಲಿಗೆಯಡಿ ಇಟ್ಟರೆ ನಲಾಕ್ಸೋನ್ ಹೆಚ್ಚೇನೂ ಮಾಡುವುದಿಲ್ಲ. ಕರಗಿಸಿ ಚುಚ್ಚಿಕೊಂಡರೆ ಅಮಲಿಗೆ ಅಡ್ಡ ನಿಂತು ನರಳಿಸುತ್ತದೆ. ಈ ಬೇಲಿಯನ್ನು ಹಾರುವವರು ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ.

ಪಂಜಾಬನ್ನು ನೋಡಿ. 2017ರ ಅಕ್ಟೋಬರಿನಲ್ಲಿ ಅಲ್ಲಿ ಅಮೃತಸರ, ತರನ್ ತಾರನ್, ಮೋಗಾ ಜಿಲ್ಲೆಗಳಲ್ಲಿ ಇದೇ ಮಾತ್ರೆ ಕೊಡುವ ಹೊರರೋಗಿ ಕ್ಲಿನಿಕ್‌ಗಳನ್ನು ತೆರೆದರು. ಈಗ ಅವು ರಾಜ್ಯದ ತುಂಬ ಇವೆ, ಹೆಸರು ಬರೆಸಿದವರು ಲಕ್ಷಗಳ ಲೆಕ್ಕದಲ್ಲಿದ್ದಾರೆ. ಮಾತ್ರೆ ಸೋರಿದ ದೂರುಗಳೂ ಬಂದವು, ವಿಶೇಷವಾಗಿ ಖಾಸಗಿ ಕೇಂದ್ರಗಳ ಮೇಲೆ. ಸರ್ಕಾರ ಬೆರಳಚ್ಚು ಹಾಜರಾತಿಯಂಥ ಬಿಗಿ ತಂದಿತು. ಸೋರಿದ್ದಕ್ಕೆ ಕೊಳಾಯಿ ರಿಪೇರಿ ಮಾಡಿದರು, ನೀರು ನಿಲ್ಲಿಸಲಿಲ್ಲ. ಬೀದಿಯಲ್ಲಿ ಈ ಮಾತ್ರೆ ಕೊಳ್ಳುವವರು ಯಾರು ಎಂದು ಹೊರದೇಶಗಳಲ್ಲಿ ಹುಡುಕಿದವರಿಗೆ ಮತ್ತೆ ಮತ್ತೆ ಸಿಕ್ಕ ಉತ್ತರವೂ ಕೇಳುವಂತಿದೆ. ಹೆಚ್ಚಿನವರು ಅದನ್ನು ಕೊಂಡದ್ದು ನರಳಾಟ ತಡೆಯಲಾರದೆ, ಚಿಕಿತ್ಸಾ ಕೇಂದ್ರದಲ್ಲಿ ಜಾಗ ಸಿಗದೆ. ಕಾಳಸಂತೆ ಹುಟ್ಟಿಸುವುದು ಅಭಾವ. ಕೇಂದ್ರಗಳನ್ನು ಮುಚ್ಚಿದರೆ ಮಾತ್ರೆಯ ಬೆಲೆ ಏರುತ್ತದೆ, ಅಷ್ಟೇ.

ಕೇರಳದವರು ಈ ಆಕ್ಷೇಪ ಎತ್ತಿದಾಗ ನನಗೆ ಇನ್ನೂ ಆಶ್ಚರ್ಯವಾಗುತ್ತದೆ, ಏಕೆಂದರೆ ಇದೇ ಭಯವನ್ನು ಗೆದ್ದ ಕೀರ್ತಿ ಭಾರತದಲ್ಲಿ ಅವರದೇ. ಕ್ಯಾನ್ಸರ್ ರೋಗಿಗಳಿಗೆ ಬಾಯಿಯ ಮೂಲಕ ಮಾರ್ಫಿನ್ ಕೊಡಬೇಕೆಂದು ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ಕೋಳಿಕ್ಕೋಡಿನಲ್ಲಿ 1993ರಲ್ಲಿ ಕೆಲಸ ಶುರುಮಾಡಿದಾಗ ಎದ್ದ ಪ್ರಶ್ನೆಗಳು ಯಾವುವು? ಮನೆಗೆ ಕೊಟ್ಟರೆ ಮಾರುವುದಿಲ್ಲವೇ, ಮನೆಯವರು ಚಟ ಹಿಡಿಸಿಕೊಳ್ಳುವುದಿಲ್ಲವೇ, ಬೀದಿಗೆ ಬರುವುದಿಲ್ಲವೇ. 1985ರ ಎನ್‌ಡಿಪಿಎಸ್ ಕಾಯ್ದೆಯ ಅಂಜಿಕೆಯಿಂದ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟಿದ್ದ ಕಾಲ ಅದು. ಅಫೀಮು ಬೆಳೆದು ಜಗತ್ತಿಗೆ ಮಾರುವ ದೇಶದಲ್ಲೇ ಕ್ಯಾನ್ಸರ್ ರೋಗಿಗಳು ಚೀರಾಡುತ್ತ ಸಾಯುತ್ತಿದ್ದರು. ಕೋಳಿಕ್ಕೋಡಿನ ತಂಡ ಎರಡು ವರ್ಷ 1,723 ರೋಗಿಗಳಿಗೆ ಮನೆಯಲ್ಲೇ ಮಾರ್ಫಿನ್ ಕೊಟ್ಟು ಲೆಕ್ಕವಿಟ್ಟಿತು. ದುರುಪಯೋಗವಾಗಲಿ ಸೋರಿಕೆಯಾಗಲಿ ಒಂದೂ ಕಾಣಲಿಲ್ಲ. ಅದು 2001ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. 2003ರಲ್ಲಿ ತಿರುವನಂತಪುರದಲ್ಲಿ ಇದೇ ಆರೈಕೆಗೆಂದು ಪಾಲಿಯಂ ಇಂಡಿಯಾ ಎಂಬ ಸಂಸ್ಥೆ ಹುಟ್ಟಿತು, 2008ರಲ್ಲಿ ಕೇರಳ ಸರ್ಕಾರ ಉಪಶಮನ ಆರೈಕೆಗೆ ನೀತಿಯನ್ನೇ ರೂಪಿಸಿತು, 2014ರಲ್ಲಿ ಸಂಸತ್ತು ಎನ್‌ಡಿಪಿಎಸ್ ಕಾಯ್ದೆಯನ್ನೇ ತಿದ್ದಿತು.

ಕ್ಯಾನ್ಸರ್ ರೋಗಿ ಬೇರೆ, ವ್ಯಸನಿ ಬೇರೆ ಎನ್ನಬಹುದು. ಬೇರೆಯೇ. ವ್ಯಸನಿಗೆ ಮಾರುವ ಆಸೆ ಹೆಚ್ಚಿರಬಹುದು. ಅದಕ್ಕೇ ಅವನಿಗೆ ಬಾಟಲಿ ಕೊಟ್ಟು ಕಳಿಸದೆ ಬೆಂಚಿನ ಮೇಲೆ ಕೂರಿಸುವುದು. ನಾನು ಹೇಳುತ್ತಿರುವುದು ರೀತಿಯ ಮಾತು: ಭಯವಿದ್ದಾಗ ಕೇರಳ ಬಾಗಿಲು ಹಾಕಿಕೊಳ್ಳಲಿಲ್ಲ, ಲೆಕ್ಕವಿಟ್ಟು ಕೊಟ್ಟು ನೋಡಿತು.

"ಮನಸ್ಸು ಗಟ್ಟಿ ಇದ್ದರೆ ಮಾತ್ರೆ ಯಾಕೆ? ಒಂದು ಶಿಬಿರ, ಪ್ರಾರ್ಥನೆ, ಯೋಗ, ಒಳ್ಳೆಯ ಮಾತು ಸಾಕು." ಕನ್ನಡಿಗರಿಗೆ ಈ ವಾದ ಬೇಗ ನಾಟುತ್ತದೆ, ಕಾರಣವೂ ಇದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ನಾವು ಊರೂರಲ್ಲಿ ಕಂಡಿದ್ದೇವೆ. ವಾರದ ಕೊನೆಗೆ ಬಿಳಿ ಅಂಗಿ ತೊಟ್ಟು ಹೆಂಡತಿ ಮಕ್ಕಳೊಡನೆ ಕೂತು ಅಳುವ ಗಂಡಸರನ್ನೂ ಕಂಡಿದ್ದೇವೆ. ನವಜೀವನ ಸಮಿತಿಗಳ ಬೆನ್ನಾಸರೆಯಿಂದ ಕುಡಿತ ಬಿಟ್ಟವರು ನಮ್ಮ ನಿಮ್ಮ ನೆಂಟರಲ್ಲೇ ಇದ್ದಾರೆ. ಆ ಕೆಲಸಕ್ಕೆ ನನ್ನ ಗೌರವ ಎಂದಿಗೂ ಕಡಿಮೆಯಾಗದು. ಆದರೆ ಅದು ಹೆಂಡದ ವಿಷಯ. ಅದೇ ಅಳತೆಗೋಲು ಹಿಡಿದು ಹೆರಾಯಿನ್ ಅಳೆಯಲು ಹೋದರೆ ಜನ ಸಾಯುತ್ತಾರೆ, ಇದು ಉತ್ಪ್ರೇಕ್ಷೆಯಲ್ಲ.

ಹೇಗೆಂದರೆ, ದಿನವೂ ಹೆರಾಯಿನ್ ಎಳೆಯುವವನ ಮೈ ಅದಕ್ಕೆ ಒಗ್ಗಿರುತ್ತದೆ. ಹೊಸಬನನ್ನು ಕೊಲ್ಲುವಷ್ಟು ಪ್ರಮಾಣ ಅವನಿಗೆ ಬರೀ ನಡುಕ ನಿಲ್ಲಿಸುತ್ತದೆ. ಅವನನ್ನು ಮೂರು ವಾರ ಶಿಬಿರದಲ್ಲೋ ಜೈಲಿನಲ್ಲೋ ಇಟ್ಟು ಬಿಡಿಸಿದರೆ ಒಗ್ಗಿದ ಮೈ ಮೊದಲಿನಂತಾಗುತ್ತದೆ, ಮನಸ್ಸಿನ ಹಂಬಲ ಮಾತ್ರ ಹಾಗೇ ಉಳಿದಿರುತ್ತದೆ. ಹೊರಬಂದ ಮೊದಲ ವಾರದಲ್ಲಿ, ಹಳೆಯ ಗೆಳೆಯ ಸಿಕ್ಕಾಗ, ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಸ್ವೀಡನ್ನಿನಲ್ಲಿ 40 ಮಂದಿ ಹೆರಾಯಿನ್ ವ್ಯಸನಿಗಳ ಮೇಲೆ ನಡೆದ ಪ್ರಯೋಗವೊಂದು 2003ರಲ್ಲಿ ಪ್ರಕಟವಾಯಿತು. ಇಪ್ಪತ್ತು ಮಂದಿಗೆ ವರ್ಷವಿಡೀ ಬ್ಯುಪ್ರೆನಾರ್ಫಿನ್, ಉಳಿದ ಇಪ್ಪತ್ತು ಮಂದಿಗೆ ಆರು ದಿನ ಮದ್ದು ಇಳಿಸುತ್ತ ಬಂದು ಆಮೇಲೆ ಹುಸಿ ಮಾತ್ರೆ. ಆಪ್ತ ಸಮಾಲೋಚನೆ, ಗುಂಪು ಚಿಕಿತ್ಸೆ ಎರಡೂ ಗುಂಪಿಗೆ ಒಂದೇ ತೆರ. ವರ್ಷದ ಕೊನೆಗೆ ಮೊದಲ ಗುಂಪಿನ ಮುಕ್ಕಾಲು ಪಾಲು ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಎರಡನೆಯದರಲ್ಲಿ ಒಬ್ಬರೂ ಇಲ್ಲ, ನಾಲ್ವರು ಸತ್ತಿದ್ದರು. ಒಳ್ಳೆಯ ಮಾತು ಎರಡೂ ಕಡೆ ಇತ್ತು ಎಂಬುದನ್ನು ಗಮನಿಸಿ.

ಹಾಗಾದರೆ ಆಪ್ತ ಸಮಾಲೋಚನೆ, ಮನೆಯವರ ಆಸರೆ ಬೇಡವೇ? ಬೇಕು. ಮಾತ್ರೆ ಕೊಟ್ಟು ಕೈ ತೊಳೆದುಕೊಳ್ಳುವ ಕೇಂದ್ರ ಒಳ್ಳೆಯ ಕೇಂದ್ರವಲ್ಲ. ನರಳಾಟ ನಿಂತ ಮೇಲೇ ಅವನ ಕಿವಿಗೆ ಮಾತು ಬೀಳುವುದು, ಅಷ್ಟು ವ್ಯತ್ಯಾಸ.

ಕೇರಳದ ಗೆಳೆಯರು ಮಂಡಿಸುವ ಇನ್ನೊಂದು ವಾದದಲ್ಲಿ ಸತ್ವವಿದೆ. "ನಮ್ಮಲ್ಲಿ ಈಗಿನ ಪಿಡುಗು ಎಂಡಿಎಂಎ ಮತ್ತು ಗಾಂಜಾ. ಅದಕ್ಕೆ ನಿಮ್ಮ ಮಾತ್ರೆ ನಾಟುವುದಿಲ್ಲ." ಪೂರ್ತಿ ಒಪ್ಪುತ್ತೇನೆ. ಬ್ಯುಪ್ರೆನಾರ್ಫಿನ್ ಅಫೀಮಿನ ಕುಲಕ್ಕೆ ಮಾತ್ರ. ಎಂಡಿಎಂಎಗಾಗಲಿ ಗಾಂಜಾಕ್ಕಾಗಲಿ ಇದರಿಂದ ಉಪಯೋಗವಿಲ್ಲ, ಹಾಗೆಂದು ಮಾರುವವರಿದ್ದರೆ ಅವರು ಮೋಸಗಾರರು. 2023ರಲ್ಲಿ ಕೊಚ್ಚಿಯಲ್ಲಿ ಹಿಡಿದ ಎರಡೂವರೆ ಟನ್ ಮೆಥಾಂಫೆಟಮಿನ್ ಕೂಡ ಬೇರೆಯದೇ ಕುಲ. ಆದರೆ ಎಂಡಿಎಂಎ ಸುದ್ದಿಯ ಗದ್ದಲದಲ್ಲಿ ಸಿರಿಂಜಿನವರು ಮರೆಯಾಗಿಬಿಟ್ಟರು. 2025ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯ ವಳಾಂಚೇರಿಯಲ್ಲಿ ಒಂದೇ ಸೂಜಿ ಹಂಚಿಕೊಂಡು ಚುಚ್ಚಿಕೊಳ್ಳುತ್ತಿದ್ದ ಹತ್ತು ಮಂದಿಗೆ ಎಚ್ಐವಿ ಇರುವುದು ಬಯಲಾಯಿತು, ಅವರಲ್ಲಿ ವಲಸೆ ಕಾರ್ಮಿಕರೂ ಇದ್ದರು. ಎರಡು ದಿನ ಎಲ್ಲ ವಾಹಿನಿಗಳಲ್ಲೂ ಅದೇ. ಮೂರನೇ ದಿನ ಇಲ್ಲ.

ಇಡೀ ದೇಶದ ಲೆಕ್ಕ ಬೇಕೆಂದರೆ ಏಮ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ನಡೆಸಿ 2019ರಲ್ಲಿ ಹೊರತಂದ ಸಮೀಕ್ಷೆ ಇದೆ. ಅಫೀಮಿನ ಕುಲದ ವಸ್ತುಗಳಿಂದ ತೊಂದರೆಗೆ ಸಿಕ್ಕು ನೆರವು ಬೇಕಾದವರು ಸುಮಾರು 77 ಲಕ್ಷ. ಚುಚ್ಚಿಕೊಳ್ಳುವವರು ಸುಮಾರು ಎಂಟೂವರೆ ಲಕ್ಷ. ಈ ಎರಡು ಸಂಖ್ಯೆಗಳ ನಡುವಿನ ಅಂತರದಲ್ಲೇ ನಮ್ಮ ವ್ಯವಸ್ಥೆಯ ದೊಡ್ಡ ತೂತು ಇದೆ. ಓಎಸ್‌ಟಿ ಬಂದದ್ದು ಏಡ್ಸ್ ತಡೆಯುವ ಯೋಜನೆಯ ಮೂಲಕ. ಹಾಗಾಗಿ ಅದರ ಬಾಗಿಲು ಮುಖ್ಯವಾಗಿ ಸೂಜಿ ಹಿಡಿದವರಿಗೆ. ಅಲ್ಯೂಮಿನಿಯಂ ಹಾಳೆಯ ಮೇಲೆ ಕಾಯಿಸಿ ಹೊಗೆ ಎಳೆಯುವವನು, ಔಷಧಿ ಅಂಗಡಿಯ ಟ್ಯಾಪೆಂಟಡಾಲ್ ನುಂಗುವವನು ಅದರ ಹೊರಗೆ. ಸೂಜಿ ಹಿಡಿಯುವವರೆಗೆ ಕಾದು ಆಮೇಲೆ ಬಾ ಎಂದಂತಾಯಿತು. ಏಮ್ಸ್ ಉಸ್ತುವಾರಿಯ ಎಟಿಎಫ್ ಎಂಬ ಚಿಕಿತ್ಸಾ ಘಟಕಗಳು ಈ ತೂತು ಮುಚ್ಚಲು ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಬಂದಿವೆ, ಸಾಲುವುದಿಲ್ಲ. ಕೇರಳದ ಅಬಕಾರಿ ಇಲಾಖೆಯ ವಿಮುಕ್ತಿ ಮಿಷನ್ ಜಿಲ್ಲೆಗೊಂದರಂತೆ ವ್ಯಸನಮುಕ್ತಿ ಕೇಂದ್ರ ತೆರೆದಿರುವುದು ಮೆಚ್ಚುವ ಕೆಲಸ. ಜಿಲ್ಲೆಗೊಂದು ಎನ್ನುವುದೇ ತೊಡಕು.

ತೊಡಕು ಏಕೆಂದರೆ ದಿನಗೂಲಿಯವನಿಗೆ ದೂರವೂ ಒಂದು ರೋಗ. ವಿಳಿಂಜಂನಿಂದ ತಿರುವನಂತಪುರ ನಗರಕ್ಕೆ ಸುಮಾರು 16 ಕಿಲೋಮೀಟರ್. ಹೇಳುವುದಕ್ಕೆ ಹತ್ತಿರವೇ. ದಿನವೂ ಎರಡು ಬಸ್ಸು ಹಿಡಿದು ಹೋಗಿ, ಸಾಲಿನಲ್ಲಿ ನಿಂತು, ಐದು ನಿಮಿಷ ಬಾಯಿ ಮುಚ್ಚಿ ಕೂತು ಮರಳುವ ಹೊತ್ತಿಗೆ ಅರ್ಧ ದಿನದ ಕೂಲಿ ಹೋಗಿರುತ್ತದೆ. ಕಡಲಿಗೆ ಹೋಗುವವರ ವೇಳೆಯಂತೂ ಆಸ್ಪತ್ರೆಯ ವೇಳೆಗೆ ಹೊಂದುವುದೇ ಇಲ್ಲ: ಕತ್ತಲಲ್ಲಿ ದೋಣಿ ಇಳಿಸುತ್ತಾರೆ, ಬೆಳಗ್ಗೆ ಮೀನು ಹರಾಜಾಗಬೇಕು, ಬಲೆ ಒಣಗಿಸಬೇಕು. ವಿಳಿಂಜಂನ ಮೀನುಗಾರರೆಲ್ಲ ಚಟಗಾರರು ಎಂದು ನಾನು ಹೇಳುತ್ತಿಲ್ಲ, ಹಾಗೆ ಯಾರೂ ಓದಿಕೊಳ್ಳಬಾರದು. ಅಲ್ಲಿನ ಹೊಸ ಬಂದರಿನ ವಿರುದ್ಧ ನಡೆದ ಹೋರಾಟದಿಂದಾಗಿ ಆ ಜನರ ಮೇಲೆ ಬಿದ್ದ ಕೆಟ್ಟ ಹೆಸರೇ ಸಾಕಷ್ಟಿದೆ. ಅವರಲ್ಲೊಬ್ಬನಿಗೆ ಈ ಚಿಕಿತ್ಸೆ ಬೇಕಾದರೆ ಅವನ ಬದುಕಿನ ಗಡಿಯಾರಕ್ಕೆ ಅದು ಸಿಗುವಂತಿಲ್ಲ ಎನ್ನುವುದಷ್ಟೇ ನನ್ನ ಮಾತು. 2025ರ ಮೇ 2ರಂದು ಪ್ರಧಾನಿ ಲೋಕಾರ್ಪಣೆ ಮಾಡಿದ ಬಂದರಿನಲ್ಲಿ ದೊಡ್ಡ ದೊಡ್ಡ ಹಡಗುಗಳಿಗೆ ಹಗಲೂ ರಾತ್ರಿ ಕೆಲಸ ನಡೆಯುತ್ತದೆ. ಅದೇ ತೀರದಲ್ಲಿ ಒಂದು ಔಷಧದ ಕಿಟಕಿ ಬೆಳಗಿನ ಆರು ಗಂಟೆಗೆ ತೆರೆಯುವುದು ಆಗದ ಕೆಲಸವೇ?

"ತೆರಿಗೆ ಕಟ್ಟುವವರ ಹಣದಲ್ಲಿ ಚಟಗಾರರಿಗೆ ಜೀವನಪರ್ಯಂತ ಮಾತ್ರೆಯೇ?" ಇದನ್ನು ಕೇಳುವವರು ಸಾಮಾನ್ಯವಾಗಿ ತಮ್ಮ ಮನೆಯ ಹುಡುಗನಿಗೆ ತೊಂದರೆಯಾದಾಗ ಖಾಸಗಿ ಆಸ್ಪತ್ರೆಯಲ್ಲಿ ಕೋಣೆ ಹಿಡಿಯುವವರು, ಹೊರಗೆ ಟೈಫಾಯಿಡ್ ಎನ್ನುವವರು. ಕಾಸರಗೋಡಿನ ಕನ್ನಡ ಮನೆಗಳಿಂದಲೂ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಬರುವವರಿದ್ದಾರೆ. ಬಿಲ್ಲು ಕಟ್ಟಲು ಆಗುವಷ್ಟು ದಿನ ಬರುತ್ತಾರೆ. ಕೊಡಲು ಹಣವಿಲ್ಲದವನಿಗೆ ಉಳಿಯುವುದು ಠಾಣೆ. ಈಗಲೂ ಅವನಿಗಾಗಿ ತೆರಿಗೆ ಹಣ ಖರ್ಚಾಗುತ್ತಲೇ ಇದೆ: ಪೊಲೀಸು, ವಕೀಲರು, ಜೈಲೂಟ, ಸೋಂಕು ತಗುಲಿದ ಮೇಲೆ ಆಯುಷ್ಯಪೂರ್ತಿ ಎಚ್ಐವಿ ಮದ್ದು, ಹೆಪಟೈಟಿಸ್-ಸಿಗೆ ಚಿಕಿತ್ಸೆ. ಎಲ್ಲ ಸರ್ಕಾರದ್ದೇ. ಬ್ಯುಪ್ರೆನಾರ್ಫಿನ್ ಇವುಗಳ ಮುಂದೆ ಚಿಲ್ಲರೆ ಕಾಸು. ಇದು ಬರೀ ದಯೆಯ ಪ್ರಶ್ನೆಯೂ ಅಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ತಂದು, ಸರ್ಕಾರಿ ಸೇವೆ ಪಡೆಯುವುದನ್ನು ಹಕ್ಕು ಎಂದಿದೆ. ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಎಂಬ ಕಲಮು ಇದೆ: ಸಣ್ಣ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಮೊಕದ್ದಮೆಯಿಂದ ವಿನಾಯಿತಿ. ಚಿಕಿತ್ಸೆಯೇ ಇಲ್ಲದ ಊರಿನಲ್ಲಿ ಆ ಕಲಮು ಕಾಗದದ ಮೇಲೆ ಮಾತ್ರ.

ಜೀವನಪರ್ಯಂತ ಎನ್ನುವುದರ ಬಗ್ಗೆ ಒಂದೇ ಮಾತು. ಕೆಲವರಿಗೆ ಒಂದೆರಡು ವರ್ಷ ಸಾಕು, ಕೆಲವರಿಗೆ ಬಹಳ ಕಾಲ ಬೇಕು; ಅದನ್ನು ತೀರ್ಮಾನಿಸಬೇಕಾದವರು ರೋಗಿ ಮತ್ತು ವೈದ್ಯರು, ಪಂಚಾಯಿತಿಯಲ್ಲ.

ಮಾತ್ರೆಯ ಪರ ಇರುವವರೂ ಕೆಲವನ್ನು ನುಂಗಿಕೊಂಡು ಮಾತಾಡುತ್ತಾರೆ, ಅದು ತಪ್ಪು. ಮದ್ಯದ ಜೊತೆ, ನಿದ್ರೆ ಮಾತ್ರೆಗಳ ಜೊತೆ ಬ್ಯುಪ್ರೆನಾರ್ಫಿನ್ ಸೇರಿದರೆ ಉಸಿರಾಟಕ್ಕೆ ಅಪಾಯ; ಕುಡಿತ ಇಷ್ಟಿರುವ ಕೇರಳದಲ್ಲೂ ನಮ್ಮಲ್ಲೂ ಅದನ್ನು ಸಣ್ಣ ಅಕ್ಷರದಲ್ಲಿ ಬರೆಯುವಂತಿಲ್ಲ. ಮಲಬದ್ಧತೆ ಸಾಮಾನ್ಯ. ಒಮ್ಮೆಲೇ ನಿಲ್ಲಿಸಿದರೆ ನರಳಾಟವಿದೆ. ಫ್ರಾನ್ಸ್ 1995ರ ಹೊತ್ತಿಗೆ ಊರಿನ ಸಾಮಾನ್ಯ ವೈದ್ಯರೂ ಈ ಮದ್ದು ಬರೆಯಬಹುದೆಂದು ಬಿಟ್ಟಾಗ ನಾಲ್ಕು ವರ್ಷಗಳಲ್ಲಿ ಮಿತಿಮೀರಿದ ಸೇವನೆಯ ಸಾವುಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ಮಾತ್ರೆಯನ್ನು ಕರಗಿಸಿ ಚುಚ್ಚಿಕೊಂಡವರೂ ಇದ್ದರು. ಎರಡನ್ನೂ ಹೇಳಬೇಕು. ಎರಡನ್ನೂ ತೂಗಿದ ಮೇಲೂ ತಕ್ಕಡಿ ಎತ್ತ ವಾಲುತ್ತದೆ ಎಂಬುದರಲ್ಲಿ ನನಗೆ ಗೊಂದಲವಿಲ್ಲ.

"ಸರಿ, ಆದರೆ ನಮ್ಮ ಬೀದಿಯಲ್ಲಿ ಕೇಂದ್ರ ಬೇಡ, ಚಟಗಾರರು ಗುಂಪು ಕಟ್ಟುತ್ತಾರೆ" ಎನ್ನುವವರಿಗೆ ಉತ್ತರ ಸುಲಭ. ಪ್ರತ್ಯೇಕ ಕೇಂದ್ರವೇ ಬೇಡ. ವಿಳಿಂಜಂನಲ್ಲಿ ಸಮುದಾಯ ಆರೋಗ್ಯ ಕೇಂದ್ರ ಈಗಾಗಲೇ ಇದೆ. ಆರ್ದ್ರಂ ಮಿಷನ್ ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳನ್ನಾಗಿ ಮಾಡಿದೆ. ಬಿಪಿ ಮಾತ್ರೆ, ಟಿಬಿ ಮಾತ್ರೆ ಕೊಡುವ ಅದೇ ಕಿಟಕಿಯಲ್ಲಿ ಇದನ್ನೂ ಕೊಟ್ಟರೆ ಸಾಲಿನಲ್ಲಿ ನಿಂತವನು ಯಾವ ಮಾತ್ರೆಗೆ ನಿಂತಿದ್ದಾನೆಂದು ಯಾರಿಗೆ ಗೊತ್ತಾಗುತ್ತದೆ? ತರಬೇತಿ ಪಡೆದ ಒಬ್ಬ ವೈದ್ಯರು, ಒಬ್ಬ ನರ್ಸ್, ಬೀಗದ ಕಪಾಟು. ಮೊದಲ ತಿಂಗಳುಗಳಲ್ಲಿ ಕಣ್ಣೆದುರೇ ಮಾತ್ರೆ. ಸ್ಥಿರವಾದವರಿಗೆ ವಾರಕ್ಕಾಗುವಷ್ಟು ಮನೆಗೆ. 2020ರ ಲಾಕ್‌ಡೌನ್‌ನಲ್ಲಿ ಹಲವು ದಿನಗಳ ಮಾತ್ರೆ ಒಟ್ಟಿಗೆ ಕೊಡಲು ಏಡ್ಸ್ ನಿಯಂತ್ರಣ ಸಂಸ್ಥೆಯೇ ಒಪ್ಪಿತ್ತು, ಆಕಾಶವೇನೂ ಕಳಚಿ ಬೀಳಲಿಲ್ಲ.

ಕರ್ನಾಟಕದವರು ಇದನ್ನು ಕೇರಳದ ಜಗಳ ಎಂದು ದೂರದಿಂದ ನೋಡುತ್ತ ಕೂರುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ನುರಿತ ಕೈಗಳಲ್ಲಿದೆ. ಬೀದರಿನ, ಬಳ್ಳಾರಿಯ ಬಡವನು ಅದಕ್ಕಾಗಿ ತಿಂಗಳು ತಿಂಗಳು ರಾತ್ರಿ ಬಸ್ಸು ಹತ್ತಬೇಕಾದರೆ ಅದು ಅವನ ಪಾಲಿಗೆ ಇಲ್ಲದಂತೆಯೇ. ಎರಡೂ ರಾಜ್ಯಗಳು ಕೂತು ಬಗೆಹರಿಸಬೇಕಾದ ಸಣ್ಣ ಕೆಲಸವೂ ಒಂದಿದೆ. ಮಂಜೇಶ್ವರದ ಹುಡುಗನೊಬ್ಬ ಬೆಂಗಳೂರಿನಲ್ಲಿ ದುಡಿಯುತ್ತ ಅಲ್ಲೇ ಚಿಕಿತ್ಸೆಯಲ್ಲಿದ್ದಾನೆ ಎಂದುಕೊಳ್ಳಿ. ಅಕ್ಕನ ಮದುವೆಗೆ ಊರಿಗೆ ಬಂದು ನಾಲ್ಕು ದಿನ ನಿಂತರೆ ಅವನ ಮಾತ್ರೆ ಎಲ್ಲಿಂದ? ಬೆಂಗಳೂರಿನ ವೈದ್ಯರ ಚೀಟಿ ಮತ್ತು ಒಂದು ಫೋನ್ ಕರೆಯ ಮೇಲೆ ಕಾಸರಗೋಡಿನ ಸರ್ಕಾರಿ ಆಸ್ಪತ್ರೆ ಆ ನಾಲ್ಕು ದಿನದ ಮಾತ್ರೆ ಕೊಡುವಂತಾಗಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಎರಡು ಆರೋಗ್ಯ ಇಲಾಖೆಗಳ ನಡುವೆ ಒಂದು ಸುತ್ತೋಲೆ ಸಾಕು.